ಬೆಳಿಗ್ಗೆ ಎಂಟರ ಶಾಖ

ಅರಕೋಣಂ
೨೦ ಜೂನ್ ೧೯೪೦

ಅಕ್ಕ ಭೀಮಕ್ಕನಿಗೆ ತಮ್ಮ ಉಚ್ಚೀರಪ್ಪನ ನಮಸ್ಕಾರ.

ಇಲ್ಲಿಗೆ ವರ್ಗವಾಗಿ ಬಂದು ಹದಿನೈದು ದಿನವಾಯಿತು. ರೈಲ್ವೆ ಮನೆ ಸಿಕ್ಕಿದೆ. ಎರಡು ಕೋಣೆ, ಹಿಂದೆ ಒಂದು ನುಗ್ಗೆಮರ. ಆದವಾನಿ ಸ್ಟೇಷನ್ನಿನಲ್ಲಿ ಮಾಡುತ್ತಿದ್ದ ತಂತಿ ಕೆಲಸವೇ ಇಲ್ಲಿಯೂ. ಆದರೆ ಆದವಾನಿಯಲ್ಲಿದ್ದಾಗ ಭಾನುವಾರ ಮೋಟಾರು ಹಿಡಿದರೆ ಊಟದ ಹೊತ್ತಿಗೆ ಆಲೂರಿನಲ್ಲಿ ನಿನ್ನ ಎದುರು ಕೂತಿರುತ್ತಿದ್ದೆ. ಇಲ್ಲಿ ಭಾನುವಾರ ಬಂದರೆ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ.

ನಿನ್ನ ಹಿತ್ತಲಿನಲ್ಲಿ ಶಾಖ ಅಳೆಯುವ ಗಾಜಿನ ಕಡ್ಡಿಗಳಿಟ್ಟ ಬಿಳಿ ಪೆಟ್ಟಿಗೆಯ ಯೋಚನೆ ಬಿಡುವುದಿಲ್ಲ. ಮೂರು ವರ್ಷದಿಂದ ನೀನೇ ಓದುತ್ತಿದ್ದೀಯೆ, ನಿಜ. ಆದರೂ ವಾರಕ್ಕೊಮ್ಮೆ ನಾನು ಬಂದು ನೋಡುತ್ತಿದ್ದೆ. ಇನ್ನು ನೋಡುವವರಿಲ್ಲವಾದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ, ಸಿಟ್ಟಾಗಬೇಡ. ಪೆಟ್ಟಿಗೆಯ ಬಾಗಿಲು ಸದಾ ಉತ್ತರಕ್ಕೇ ಇರಲಿ, ಬಾಗಿಲು ತೆಗೆದಾಗ ಗಾಜಿನ ಮೇಲೆ ಬಿಸಿಲು ಬೀಳಬಾರದು. ಗೋಡೆಯ ಹತ್ತಿರಕ್ಕೆ ಸರಿಸಬೇಡ, ಗೋಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಉಗುಳುತ್ತದೆ. ಸುತ್ತಲಿನ ಓರೆ ಪಟ್ಟಿಗಳ ಸಂದಿನಲ್ಲಿ ಜೇಡ ಬಲೆ ಕಟ್ಟಿದರೆ ತೆಗೆ, ಗಾಳಿ ಆಡಬೇಕು. ತಾಲೂಕು ಕಚೇರಿಯ ಗಂಟೆ ಎಂಟು ಹೊಡೆದ ಕೂಡಲೇ ಬಾಗಿಲು ತೆಗೆದು, ಪಾದರಸದ ತುದಿಗೆ ಕಣ್ಣನ್ನು ಸರಿಸಮ ಇಟ್ಟು, ಉಸಿರು ಬಿಗಿಹಿಡಿದು ಓದು. ನಿನ್ನ ಉಸಿರು ತಾಗಿದರೂ ಅಂಕಿ ಏರುತ್ತದೆ. ಹಿಂದಿನ ಹಗಲಿನ ಹೆಚ್ಚಿನ ಶಾಖ ಒಂದು ಕಡ್ಡಿಯಲ್ಲಿ, ರಾತ್ರಿಯ ಕಡಿಮೆ ಶಾಖ ಇನ್ನೊಂದರಲ್ಲಿ. ಬರೆದ ಮೇಲೆ ಎರಡನ್ನೂ ಹಿಂದಿನ ಜಾಗಕ್ಕೆ ಇಳಿಸುವುದನ್ನು ಮರೆಯಬೇಡ.

ಮೇ ತಿಂಗಳ ಹಾಳೆಯನ್ನು ಹವಾ ಕಚೇರಿಗೆ ಕಳಿಸಿದೆ. ಅಲ್ಲಿಯ ದೊರೆ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರಂತೆ. ಆಲೂರಿನ ಹೆಂಗಸು ಒಂದು ದಿನವೂ ತಪ್ಪಿಸಿಲ್ಲವಲ್ಲ ಎಂದರಂತೆ. ನಿನಗೆ ತಿಳಿಸಬೇಕೆನ್ನಿಸಿತು.

ಉಚ್ಚೀರಪ್ಪ


ಆಲೂರು
೧೧ ಜುಲೈ ೧೯೪೦

ತಮ್ಮ ಉಚ್ಚೀರಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಅದರಲ್ಲಿ ಮುಕ್ಕಾಲು ಪಾಲು ನನಗೆ ಗೊತ್ತಿದ್ದದ್ದೇ. ನಾನೇನು ಕೂಸೇ? ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಇದು. ಕಾಗದದಲ್ಲಿ ಪುಸ್ತಕದ ಮಾತು ಬರೆಯಬೇಕೆಂದು ನಾಲ್ಕನೇ ಕ್ಲಾಸಿನ ಮೇಷ್ಟ್ರು ನನಗೆ ಹೊಡೆದು ಕಲಿಸಿದ್ದಾರೆ, ಅದಕ್ಕೇ ಇಷ್ಟು ಮರ್ಯಾದೆಯಿಂದ ಬರೆಯುತ್ತಿದ್ದೇನೆ. ಎದುರಿಗಿದ್ದರೆ ನೀನು ಬೇರೆ ರೀತಿ ಕೇಳಿಸಿಕೊಳ್ಳುತ್ತಿದ್ದೆ.

ಪಕ್ಕದ ಮನೆ ದಸ್ತಗಿರಮ್ಮನ ಕಾಟ ಹೆಚ್ಚಾಗಿದೆ. ಮಂಗಳವಾರ ಎದ್ದು ನೋಡಿದರೆ ಪೆಟ್ಟಿಗೆಯ ನಾಲ್ಕು ಕಾಲಿಗೂ ಅರಿಶಿನ ಬಳಿದು ಕುಂಕುಮ ಇಟ್ಟಿದ್ದಾಳೆ! ಬೇಲಿಯ ಹತ್ತಿರ ನಿಂತು ಕೂಗಿದೆ. ಆಕೆ ಒಂದಿಷ್ಟೂ ನಾಚದೆ ಹೇಳುತ್ತಾಳೆ:

"ನಾಕು ಕಾಲ ಅದಾವು, ಮ್ಯಾಲೊಂದು ಮಾಡು ಐತಿ, ಬಾಗಲಾ ಐತಿ. ದಿನಾ ಜಳಕಾ ಮಾಡಿ ಬಂದು ಬಾಗಲಾ ತಗೀತಿ, ಉಸುರು ಬಿಗಿ ಹಿಡಿದು ನೋಡ್ತಿ, ಮತ್ತ ಮುಚ್ಚತಿ. ದೇವರ ಗುಡಿ ಅಲ್ಲದ ಮತ್ತೇನವ್ವಾ ಇದು?"

"ಗಾಳಿ ಎಷ್ಟು ಕಾದೈತಿ ಅಂತ ನೋಡೋದವ್ವಾ."

"ಅದಕ್ಕ ಗಾಜು ಯಾಕ ಬೇಕು? ನಮ್ಮ ಮೈಗೆ ಗೊತ್ತಾಗಂಗಿಲ್ಲೇನು?"

"ಮೈ ಸುಳ್ಳು ಹೇಳತೈತಿ. ಬಿಸಲಾಗ ನಿಂತ್ರ ಒಂದು, ನೆಳ್ಳಾಗ ನಿಂತ್ರ ಒಂದು, ಜ್ವರ ಬಂದ್ರ ಇನ್ನೊಂದು. ಗಾಳೀದಷ್ಟೇ ಬೇಕು ಸರ್ಕಾರಕ್ಕ."

ಅರ್ಥವಾದವಳಂತೆ ಗೋಣು ಹಾಕಿದಳು. ಹೋಗುವಾಗ ಪೆಟ್ಟಿಗೆಗೆ ಕೈ ಮುಗಿದು ಹೋದಳು! ಏನು ಮಾಡಲಿ ಹೇಳು. ಅರಿಶಿನ ತೊಳೆದು ಸುಣ್ಣ ಹಚ್ಚಿದೆ. ಬಿಳುಪು ಹೋದರೆ ಬಿಸಿಲು ಹೀರುತ್ತದೆ ಎಂದು ನೀನೇ ಹೇಳಿದ್ದೀಯಲ್ಲ.

ದೊರೆ ಕನ್ನಡಕ ಒರೆಸಿಕೊಂಡ ಕಥೆಯನ್ನು ಎರಡು ಸಲ ಓದಿದೆ. ನನ್ನ ಹೆಸರು ಕೇಳಿದರೇನು? ಕೇಳಿರಲಿಕ್ಕಿಲ್ಲ. ಕೇಳಿದರೆ ಬರೆ. ಜೂನ್ ಹಾಳೆ ಇದರೊಳಗಿದೆ.

ಭೀಮಕ್ಕ


ಅರಕೋಣಂ
೧೯ ಜನವರಿ ೧೯೪೧

ಅಕ್ಕಾ,

ಒಂದು ಮಾತು ಕೇಳಬೇಕೆಂದು ಮೂರು ಸಲ ಕಾಗದ ಶುರು ಮಾಡಿ ಹರಿದಿದ್ದೇನೆ. ನೀನು ಇಲ್ಲಿಗೆ ಬಂದುಬಿಡಬಾರದೆ? ನನ್ನ ಮನೆಯಾಕೆ ತೀರಿಕೊಂಡ ಮೇಲೆ ನಾನು ಮಾಡಿಕೊಂಡ ಅನ್ನ ಒಂದು ದಿನ ಗಂಜಿ, ಒಂದು ದಿನ ಕರಿ. ಅದು ದೊಡ್ಡ ಮಾತಲ್ಲ. ಸಂಜೆ ಕೆಲಸ ಮುಗಿಸಿ ಬಂದು ಬೀಗ ತೆಗೆಯುವಾಗ ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಒಂದು ಗಳಿಗೆ ನಿಲ್ಲುತ್ತೇನೆ. ನೀನೂ ಅಲ್ಲಿ ಒಬ್ಬಳೇ. ಎರಡು ಒಲೆ ಯಾಕೆ ಉರಿಯಬೇಕು? ನುಗ್ಗೆಕಾಯಿ ಬಿಟ್ಟಿದೆ, ಕೀಳುವವರಿಲ್ಲದೆ ಒಣಗುತ್ತಿದೆ.

ಬರುತ್ತೇನೆ ಎಂದು ಒಂದು ಸಾಲು ಬರೆದರೆ ಗುಂತಕಲ್ಲಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ಉಚ್ಚೀರಪ್ಪ


ಆಲೂರು
೬ ಫೆಬ್ರವರಿ ೧೯೪೧

ತಮ್ಮಾ,

ನಿನ್ನ ಕಾಗದ ಓದಿ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದೆ. ಬರಬೇಕೆಂದು ಜೀವ ಹಾರುತ್ತದೆ. ನಾನೇನು ಆಲೂರಿನಲ್ಲಿ ಗಂಟು ಹೂತಿಟ್ಟಿದ್ದೇನೆಯೇ? ನಿನ್ನ ಭಾವ ಹೋದ ಮೇಲೆ ಈ ಮನೆಯಲ್ಲಿ ನನ್ನ ಮಾತಿಗೆ ಮಾತು ಕೊಡುವುದು ಗೋಡೆ ಗೌಳಿ ಒಂದೇ.

ಆದರೆ ಎಂಟು ಗಂಟೆಗೆ ಯಾರು ಓದಬೇಕು? ದಸ್ತಗಿರಮ್ಮನ ಕೈಗೆ ಕೊಟ್ಟರೆ ಆಕೆ ಕಡ್ಡಿಗೆ ಊದುಬತ್ತಿ ಬೆಳಗುತ್ತಾಳೆ. ಭಾವ ಹೋದಾಗ ಆರು ತಿಂಗಳು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದದ್ದು ನೀನು ಕಂಡಿದ್ದೀ. ನೀನು ಬಂದು, ಸರ್ಕಾರಕ್ಕೆ ಆಲೂರಿನ ಶಾಖ ಬೇಕಾಗಿದೆ, ನಂಬಿಕಸ್ಥರನ್ನು ಹುಡುಕುತ್ತಿದ್ದಾರೆ, ನಿನ್ನ ಹೆಸರು ಕೊಟ್ಟಿದ್ದೇನೆ ಎಂದೆ. ನನ್ನನ್ನು ನಂಬಿದವರೊಬ್ಬರಿದ್ದಾರೆಂದು ಮರುದಿನ ಎದ್ದೆ. ಅಂಥವರಿಗೆ ಹೇಳದೆ ಕೇಳದೆ ಗಂಟು ಕಟ್ಟಿಕೊಂಡು ಹೊರಟುಬಿಡಲೇ?

ಒಂದು ಕೆಲಸ ಮಾಡು. ದೊರೆಯನ್ನು ಕೇಳು. ಭೀಮಕ್ಕ ಹೋಗಬಹುದು ಎಂದು ಅವರು ಒಂದು ಚೀಟಿ ಬರೆದುಕೊಟ್ಟರೆ ಸಾಕು, ಚೀಟಿ ಕೈ ಸೇರಿದ ಮರುದಿನ ನಾನು ರೈಲಿನಲ್ಲಿರುತ್ತೇನೆ. ಹುಣಸೆಹಣ್ಣು ಕುಟ್ಟಿ ಇಟ್ಟಿದ್ದೇನೆ, ಬರುವಾಗ ತರುತ್ತೇನೆ.

ಭೀಮಕ್ಕ


ಅರಕೋಣಂ
೩೦ ಮಾರ್ಚ್ ೧೯೪೧

ಅಕ್ಕಾ,

ದೊರೆಯನ್ನು ಕೇಳಲು ಆಗಲಿಲ್ಲ. ಅವರು ಊರಲ್ಲಿಲ್ಲವಂತೆ. ಬಂದ ಮೇಲೆ ನೋಡೋಣ. ನೀನು ಓದುತ್ತಿರು. ಹುಣಸೆಹಣ್ಣಿಗೆ ಅವಸರವಿಲ್ಲ.

ಉಚ್ಚೀರಪ್ಪ


ಆಲೂರು
೩ ಅಕ್ಟೋಬರ್ ೧೯೪೨

ತಮ್ಮಾ,

ಸೆಪ್ಟೆಂಬರಿನ ಹಾಳೆ ಇಟ್ಟಿದ್ದೇನೆ. ಇಲ್ಲಿ ಎಲ್ಲ ನೆಟ್ಟಗಿದೆ, ವಿಶೇಷವೇನೂ ಇಲ್ಲ. ದೊರೆ ಊರಿಗೆ ಬಂದರೇ ಎಂದು ಇನ್ನು ಕೇಳುವುದಿಲ್ಲ, ಕೇಳಿ ಕೇಳಿ ನನಗೇ ಬೇಸರವಾಗಿದೆ. ದಸ್ತಗಿರಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಆಕೆ ಒಳ್ಳೆಯವಳು. ಆಕೆಯ ಬಗ್ಗೆ ನಾನು ಹಿಂದೆ ಬರೆದದ್ದನ್ನೆಲ್ಲ ಮರೆತುಬಿಡು.

ಭೀಮಕ್ಕ


ಅರಕೋಣಂ
೨೮ ನವೆಂಬರ್ ೧೯೪೨

ಅಕ್ಕಾ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿದ್ದದ್ದು ನೋಡಿ ನನ್ನ ಮೇಲೆ ಸಿಟ್ಟಿದೆಯೆಂದು ತಿಳಿದೆ. ಇರಲಿ, ಸಿಟ್ಟಿಗೆ ಕಾರಣ ನಾನೇ.

ಆದರೆ ಹಾಳೆ ಮಾತ್ರ ಬಹಳ ಚೆನ್ನಾಗಿದೆ. ಸೆಪ್ಟೆಂಬರ್ ಹದಿನಾಲ್ಕು, ಹದಿನೈದು, ಹದಿನಾರು, ಮೂರು ದಿನವೂ ತೊಂಬತ್ತೆರಡು, ತೊಂಬತ್ತೆರಡು, ತೊಂಬತ್ತೊಂದು. ಗೀರು ಎಳೆದ ಹಾಗಿದೆ! ಎಷ್ಟು ಜಾಗ್ರತೆಯಿಂದ ಓದಿದರೆ ಹೀಗೆ ಬರುತ್ತದೆ ಎಂಬುದು ನನಗೆ ಗೊತ್ತು. ದೊರೆಯೂ ಆ ಮೂರು ಅಂಕಿಗಳನ್ನೇ ಕೆಂಪು ಮಸಿಯಲ್ಲಿ ಗುರುತು ಮಾಡಿ, ಓದಿದರೆ ಹೀಗೆ ಓದಬೇಕು ಎಂದು ಕಚೇರಿಯವರಿಗೆಲ್ಲ ತೋರಿಸಿದರಂತೆ.

ಇನ್ನೊಂದು ಸುದ್ದಿ. ಯುದ್ಧದ ಕೆಲಸಕ್ಕೆಂದು ನಮ್ಮಲ್ಲಿ ಹನ್ನೆರಡು ಜನ ತಂತಿಯವರನ್ನು ಮೂಡಣ ಗಡಿಯ ರೈಲ್ವೆಗೆ ಕಳಿಸುತ್ತಿದ್ದಾರೆ. ನನ್ನ ಹೆಸರೂ ಇದೆ. ಮುಂದಿನ ವಾರ ಹೊರಡಬೇಕು. ಆಲೂರಿಗೆ ಬಂದು ಹೋಗಲು ರಜೆ ಕೇಳಿದೆ, ಕೊಡಲಿಲ್ಲ. ಈ ಮನೆಯ ಬೀಗದ ಕೈಯನ್ನು ಹಿಂದಕ್ಕೆ ಕೊಡಬೇಕು. ನೀನು ಒಮ್ಮೆಯೂ ಕಾಣದ ಮನೆ, ಆದರೂ ಕೊಡುವಾಗ ನಿನ್ನ ನೆನಪೇ ಆಗುತ್ತದೆ.

ಉಚ್ಚೀರಪ್ಪ


ಊರ ಹೆಸರು ಬರೆಯುವಂತಿಲ್ಲ
೨೨ ಜೂನ್ ೧೯೪೩

ಅಕ್ಕಾ,

ನೀನು ಏಪ್ರಿಲಿನಲ್ಲಿ ಬರೆದ ಕಾಗದ ನಿನ್ನೆ ಸಿಕ್ಕಿತು. ಹಾಳೆಯಲ್ಲಿ ಒಂದೂ ಅಂಕಿ ಉಳಿದಿಲ್ಲ. ಸರ್ಕಾರದವರು ಒಂದೊಂದನ್ನೂ ಕತ್ತರಿಸಿ ತೆಗೆದಿದ್ದಾರೆ. ತಾರೀಖುಗಳ ಮುಂದೆ ಬರೀ ಕಿಟಕಿಗಳು. ನನ್ನನ್ನೂ ಕರೆಸಿ ಬಯ್ದರು. ಯಾಕೆಂದು ನೀನೇ ಊಹಿಸಬಲ್ಲೆ, ಬಿಡಿಸಿ ಬರೆಯಲು ಈಗ ಧೈರ್ಯವಿಲ್ಲ. ಇನ್ನು ಮುಂದೆ ಅಂಕಿ ಕಳಿಸಬೇಡ.

ಇಲ್ಲಿ ಮಳೆ ನಿಲ್ಲುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಹಾಸಿಗೆ ಒಣಗುವುದಿಲ್ಲ. ನನ್ನ ಜೊತೆ ಬಂದವರೆಲ್ಲ ಬೇರೆ ಬೇರೆ ಕಡೆ ಚದುರಿದರು. ಕನ್ನಡ ಆಡುವವರು ಒಬ್ಬರೂ ಇಲ್ಲ. ನಾನು ಬೆಳಿಗ್ಗೆ ಎಂಟಕ್ಕೆ ಎದ್ದು ನಿಂತು, ಈಗ ಅಕ್ಕ ಬಾಗಿಲು ತೆಗೆದಳು ಎಂದು ಗಟ್ಟಿಯಾಗಿ ಹೇಳುತ್ತೇನೆ. ನನ್ನ ಕಿವಿಗಾದರೂ ನಮ್ಮ ಮಾತು ಬೀಳಲಿ ಎಂದು. ಆಗಾಗ ಜ್ವರ ಬರುತ್ತದೆ, ಹೋಗುತ್ತದೆ.

ಉಚ್ಚೀರಪ್ಪ


ಆಲೂರು
೧೪ ಆಗಸ್ಟ್ ೧೯೪೩

ತಮ್ಮಾ,

ಊಹಿಸಿದೆ. ಊಹಿಸುವುದೇನು, ಕಾಗದ ಓದಿದ ಕೂಡಲೇ ಗೊತ್ತಾಯಿತು. ಕಡೆಗೂ ಸಿಕ್ಕಿಬಿದ್ದೆ. ನನ್ನಿಂದ ನೀನೂ ಬಯ್ಗುಳ ತಿಂದೆ. ಈಗ ಮುಚ್ಚಿಟ್ಟು ಫಲವಿಲ್ಲ, ಎಲ್ಲ ಹೇಳುತ್ತೇನೆ.

ಹೋದ ವರ್ಷದ ಸೆಪ್ಟೆಂಬರಿನ ಆ ಮೂರು ಅಂಕಿ ಸುಳ್ಳು. ನಾನು ಓದಲೇ ಇಲ್ಲ.

ಹದಿಮೂರನೇ ತಾರೀಖು ಜ್ವರ ಏರಿತು. ಹದಿನಾಲ್ಕರಂದು ಎಂಟರ ಗಂಟೆ ಕೇಳಿಸಿತು, ಏಳಲು ಹೋಗಿ ಹೊಸ್ತಿಲ ಹತ್ತಿರ ಬಿದ್ದೆ. ಆಮೇಲೆ ಏನೂ ಗೊತ್ತಿಲ್ಲ. ನಿನಗೆ ಬರೆದರೆ ಹೆದರುತ್ತೀ ಎಂದು ಬರೆಯಲಿಲ್ಲ. ದಸ್ತಗಿರಮ್ಮ ಬಂದು ಎತ್ತಿ ಮಲಗಿಸಿ, ಮೂರು ದಿನ ಬಾಯಿಗೆ ಗಂಜಿ ಹಾಕಿದಳಂತೆ. ಡಾಕ್ಟರ ಕಾಂಪೌಂಡರು ಬಂದು ನೋಡಿ, ಕಷ್ಟ ಎಂದು ಹೋದನಂತೆ. ಆಗ ಆಕೆ ಏನು ಮಾಡಿದಳು ಗೊತ್ತೇ? ದಿನಾ ಸೇವೆ ಮಾಡುವವಳು ಮಲಗಿದ್ದಕ್ಕೆ ಪೆಟ್ಟಿಗೆಯ ದೇವರು ಮುನಿದಿದ್ದಾಳೆ ಎಂದು ಹರಕೆ ಹೊತ್ತು, ಬಾಗಿಲು ತೆಗೆದು ಒಳಗೆ ಎಣ್ಣೆ ದೀಪ ಹಚ್ಚಿಟ್ಟಳು. ಮೂರು ದಿನ ಆರದಂತೆ ಕಾದಳು. ಬೀದಿಯವರೆಲ್ಲ ಬಂದು ಕೈ ಮುಗಿದರಂತೆ.

ಹದಿನಾರರಂದು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಒಳಗೆಲ್ಲ ಮಸಿ. ಪಾದರಸ ನೂರಾ ಹದಿನೆಂಟಕ್ಕೆ ಹೋಗಿ ನಿಂತಿದೆ. ಬೇಲಿಯ ಆಚೆ ಆಕೆ ನಿಂತು ಅಳುತ್ತಾ ನಗುತ್ತಾ, "ನೋಡಿದ್ಯಾ ಅವ್ವಾ, ದೇವ್ರು ನಿನ್ನ ಉಳಿಸಿದ್ಲು" ಎನ್ನುತ್ತಾಳೆ. ನನ್ನ ಜೀವಕ್ಕೆಂದು ಹಚ್ಚಿದ ದೀಪ. ಮಸಿ ಒರೆಸಿದೆ, ಸುಣ್ಣ ಹಚ್ಚಿದೆ, ಕಡ್ಡಿ ಇಳಿಸಿದೆ. ಹಾಳೆಯಲ್ಲಿ ಮೂರು ಮನೆ ಖಾಲಿ ಬಿಡಲು ಕೈ ಬರಲಿಲ್ಲ ತಮ್ಮಾ. ಐದು ವರ್ಷ ಒಂದು ದಿನವೂ ತಪ್ಪಿಸಿದವಳಲ್ಲ ನಾನು, ದೊರೆಯೂ ಹಾಗೇ ಅಂದಿದ್ದರಲ್ಲ. ಮರುದಿನ ಹದಿನೇಳರದನ್ನು ಓದಿ, ಅದನ್ನೂ ಹದಿಮೂರರದನ್ನೂ ನೋಡಿ ನಡುವಿನದನ್ನು ಅಂದಾಜಿನ ಮೇಲೆ ಬರೆದೆ.

ಆಮೇಲೆ ನಿನ್ನ ಕಾಗದ ಬಂತು, ಅವರು ಅದನ್ನೇ ಕೆಂಪು ಮಸಿಯಲ್ಲಿ ಗುರುತು ಮಾಡಿದರು ಎಂದು. ನಿಜವಾಗಿ ಓದಿದ ಎರಡು ಸಾವಿರ ಅಂಕಿ ಬಿಟ್ಟು ಸುಳ್ಳು ಮೂರನ್ನೇ ಮೆಚ್ಚಿಕೊಂಡರಲ್ಲ! ಈಗ ಗೊತ್ತಾಗಿರಬೇಕು. ಒಂದು ಸುಳ್ಳು ಬರೆದವಳ ಉಳಿದದ್ದನ್ನು ಯಾರು ನಂಬುತ್ತಾರೆ? ಅದಕ್ಕೇ ಎಲ್ಲವನ್ನೂ ಕತ್ತರಿಸಿ ಎಸೆದರು. ಅವರದು ತಪ್ಪಲ್ಲ.

ನನ್ನ ಪರವಾಗಿ ದೊರೆಗೆ ಬರೆ. ಭೀಮಕ್ಕ ತಪ್ಪು ಒಪ್ಪಿಕೊಂಡಿದ್ದಾಳೆ, ಏನು ಶಿಕ್ಷೆ ಕೊಟ್ಟರೂ ಸೈ, ಆ ಮೂರನ್ನು ಮಾತ್ರ ಹೊಡೆದುಹಾಕಿ ಉಳಿದದ್ದನ್ನು ಇಟ್ಟುಕೊಳ್ಳಿ ಎಂದು. ಉತ್ತರ ಬರುವವರೆಗೆ ನಾನು ಪೆಟ್ಟಿಗೆ ಮುಟ್ಟುವುದಿಲ್ಲ. ಮುಟ್ಟುವ ಯೋಗ್ಯತೆ ಇಲ್ಲ. ಇವತ್ತಿಗೆ ಒಂಬತ್ತು ದಿನ. ಎಂಟರ ಗಂಟೆ ಹೊಡೆಯುತ್ತದೆ, ಮಲಗಿಕೊಂಡೇ ಎಣಿಸುತ್ತೇನೆ. ಏಳಲು ಕಾರಣ ತೋಚುವುದಿಲ್ಲ.

ಭೀಮಕ್ಕ


೧೭ ಅಕ್ಟೋಬರ್ ೧೯೪೩

ಅಕ್ಕಾ, ಈ ಕಾಗದ ಕೈ ಸೇರಿದ ಕೂಡಲೇ ಎದ್ದು ಕೂತು ಓದು.

ನಿನ್ನ ಮೂರು ಅಂಕಿಗೂ ಕತ್ತರಿಗೂ ಸಂಬಂಧವಿಲ್ಲ. ಯುದ್ಧದ ಕಾಲದಲ್ಲಿ ಸಾಲುಸಾಲಾಗಿ ಅಂಕಿ ಬರೆದ ಕಾಗದ ಕಂಡರೆ ಗುಟ್ಟಿನ ಭಾಷೆ ಇರಬಹುದೆಂದು ಕತ್ತರಿಸುತ್ತಾರೆ. ಯಾರ ಕಾಗದವಾದರೂ ಅಷ್ಟೇ. ನೀನು ಯುದ್ಧವನ್ನು ಊಹಿಸುತ್ತೀ ಎಂದುಕೊಂಡು ನಾನು ಬಿಡಿಸಿ ಬರೆಯದೆ ಹೋದೆ.

ಈಗ ದೊಡ್ಡದನ್ನು ಹೇಳಬೇಕು. ದೊರೆಗೆ ಬರೆ ಎಂದಿದ್ದೀ. ಬರೆಯಲು ದೊರೆಯೇ ಇಲ್ಲ.

ಯಾವ ಹವಾ ಕಚೇರಿಯೂ ನಿನ್ನ ಹಾಳೆಯನ್ನು ಕೇಳಿಲ್ಲ. ಕನ್ನಡಕ ಒರೆಸಿಕೊಂಡ ದೊರೆ, ಕೆಂಪು ಮಸಿ, ಊರಲ್ಲಿಲ್ಲ ಅಂದದ್ದು, ಎಲ್ಲ ನಾನು ಕಟ್ಟಿದ್ದು. ಭಾವ ಹೋದ ಮೇಲೆ ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅನ್ನ ತಾ ಎಂದರೆ ಏಳಲಿಲ್ಲ, ಅತ್ತರೆ ಏಳಲಿಲ್ಲ. ಆದವಾನಿಯ ಸ್ಟೇಷನ್ ಮಾಸ್ತರು ಹಿತ್ತಲಲ್ಲಿ ಇಂಥದೊಂದು ಪೆಟ್ಟಿಗೆ ಇಟ್ಟುಕೊಂಡು ದಿನಾ ತಪ್ಪದೆ ಏಳುವುದನ್ನು ಕಂಡಿದ್ದೆ. ಬಡಗಿ ಗೋವಿಂದಪ್ಪನಿಂದ ಅಂಥದೇ ಮಾಡಿಸಿದೆ. ಬರಿದೆ ಓದು ಎಂದರೆ ನೀನು ಓದುತ್ತಿರಲಿಲ್ಲ. ಸರ್ಕಾರ ನಂಬಿದೆ ಎಂದೆ. ನೀನು ಎದ್ದೆ. ಆ ದಿನ ನನಗಾದ ಸಂತೋಷದಲ್ಲಿ ಇದು ಸುಳ್ಳು ಎಂಬುದೇ ಮರೆತುಹೋಯಿತು.

ಅರಕೋಣಕ್ಕೆ ಬಾ ಎಂದು ಕರೆದೆ. ದೊರೆಯ ಚೀಟಿ ತಾ ಎಂದೆ ನೀನು. ಆವತ್ತೇ ಹೇಳಬೇಕಿತ್ತು. ಇಲ್ಲವೆ ನಾನೇ ಒಂದು ಚೀಟಿ ಬರೆದು ಕಳಿಸಬಹುದಿತ್ತು. ಎರಡೂ ಕೈಲಾಗಲಿಲ್ಲ. ಹೋಗಬಹುದು ಎಂದು ಬರೆದರೆ ನಿನ್ನ ನಾಲ್ಕು ವರ್ಷದ ಕೆಲಸ ಯಾರಿಗೂ ಬೇಡವೆಂದು ನಾನೇ ಹೇಳಿದಂತೆ. ನಿಜ ಹೇಳಿದರೆ ನೀನು ಮತ್ತೆ ಗೋಡೆಗೆ ತಿರುಗಿದರೆ? ಹೆದರಿದೆ ಅಕ್ಕಾ. ನಾನು ಕಟ್ಟಿದ ಸುಳ್ಳೇ ನಿನ್ನನ್ನು ಅಲ್ಲಿ ಹಿಡಿದಿಟ್ಟಿತು, ನಾನು ಇಲ್ಲಿ ಬೀಗ ತೆಗೆದು ಒಬ್ಬನೇ ಒಳಗೆ ಹೋದೆ.

ನಿನ್ನ ಹಾಳೆಗಳೆಲ್ಲ ನನ್ನ ತಗಡಿನ ಪೆಟ್ಟಿಗೆಯಲ್ಲಿವೆ. ಮಳೆ ನೀರು ಬಂದಾಗ ನನ್ನ ಬಟ್ಟೆ ತೊಯ್ದರೂ ಅವನ್ನು ತಲೆಯ ಮೇಲೆ ಹಿಡಿದು ನಿಂತಿದ್ದೆ. ಸರ್ಕಾರದ ಮನುಷ್ಯ ನಿನ್ನ ಅಂಕಿಯನ್ನು ಓದಿದ್ದು ಒಂದೇ ಸಲ, ಅವನ ಕೈಯಲ್ಲಿ ಕತ್ತರಿ ಇತ್ತು. ಉಳಿದಂತೆ ಓದಿದವನು ನಾನೊಬ್ಬನೇ. ಜ್ವರದಲ್ಲಿ ನೀನು ಬಿದ್ದಿದ್ದ ಮೂರು ದಿನವನ್ನು ಓದಿ ಮೆಚ್ಚಿಕೊಂಡವನೂ ನಾನೇ. ಇಷ್ಟೇ ನನ್ನ ಓದು.

ಬಯ್ಯಿ. ಆದರೆ ಎದ್ದು ಬಯ್ಯಿ.

ಉಚ್ಚೀರಪ್ಪ


ಆಲೂರು
೨ ಫೆಬ್ರವರಿ ೧೯೪೪

ಉಚ್ಚೀರಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಬಾರದು ಎಂದಿದ್ದೆ. ಟಪಾಲಿನ ಮೌಲಾಲಿ ದಿನಾ ಬೇಲಿಯ ಹತ್ತಿರ ನಿಂತು, "ಯಾಕ ಅಕ್ಕಾ, ತಮ್ಮಗ ಕಾಗದಾ ಹಾಕಂಗಿಲ್ಲೇನು?" ಎಂದು ಕೇಳುತ್ತಾನೆ. ಅವನ ಬಾಯಿ ಮುಚ್ಚಿಸಲು ಬರೆಯುತ್ತಿದ್ದೇನೆ.

ಪುಸ್ತಕದ ಮಾತು ಸಾಕು. ಸಿಟ್ಟು ಪುಸ್ತಕದಾಗ ಹಿಡಿಯಂಗಿಲ್ಲ. ಯಾಕೋ, ನಿನಗ ಬಾಯಿ ಇರಲಿಲ್ಲೇನು? ಅರಕೋಣದಾಗ ಇದ್ದಾಗ ಒಂದು ಮಾತು ಹೇಳಿದ್ರ ನಾ ಬರ್ತಿದ್ನಲ್ಲೋ! ಹುಣಸೇಹಣ್ಣು ಡಬ್ಬಿಗೆ ತುಂಬಿ, ಸೀರಿ ಮಡಚಿ ಇಟ್ಟು, ಚೀಟಿ ಬರತೈತಿ ಚೀಟಿ ಬರತೈತಿ ಅಂತ ವರ್ಷಾನುಗಟ್ಲೆ ದಾರಿ ನೋಡಿದೆ. ಮುಂಜಾನೆ ಎದ್ದು ಯಾರಿಗೆ ಶಾಖಾ ಓದಿದ್ನೋ ನಾನು? ನೀ ಒಬ್ಬನ ಓದಾಕತ್ತಿದ್ರ, ಆ ಮನ್ಯಾಗ ಎದುರಿಗೆ ಕುಂತು ಬಾಯಿಲೇ ಹೇಳ್ತಿದ್ನಲ್ಲಾ. ಈಗ ನಿಜಾ ಹೇಳಿದಿ. ಈಗ ನನಗ ಬಿಡುಗಡಿ ಆತು. ಎಲ್ಲಿಗೆ ಹೋಗಲಿ? ನೀ ಇರೋ ಊರಿಗೆ ಹೆಸರೂ ಇಲ್ಲ.

ಅತ್ತೆ. ಅತ್ತು ಮುಗಿಸಿ ಮತ್ತೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ಓದಿದ ಸಂಜೆಯೇ ದಸ್ತಗಿರಮ್ಮನನ್ನು ಕರೆದು, ಈ ಪೆಟ್ಟಿಗೆ ಇನ್ನು ನಿನ್ನದು, ದೇವರನ್ನು ಮಾಡಿಕೋ, ದೀಪ ಹಚ್ಚಿಕೋ ಎಂದೆ. ಆಕೆ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. "ನೀ ಬಾಗಲಾ ತಗೀದಿದ್ರ ಅದು ಬರೇ ಕಟಗಿ ಅವ್ವಾ. ನೀ ನೋಡ್ತಿ ಅಂತ ನಾ ಕೈ ಮುಗೀತೀನಿ" ಎಂದಳು. ದೀಪ ಹಚ್ಚಲೇ ಇಲ್ಲ. ಬೇಲಿಯಿಂದ ಆಚೆ ಹೋದಳು.

ಮರುದಿನ ಎಂಟರ ಗಂಟೆ ಹೊಡೆದಾಗ ಕಾಲು ತಾನಾಗಿ ಹಿತ್ತಲಿಗೆ ಹೋಯಿತು. ಬಾಗಿಲು ತೆಗೆದೆ. ಉಸಿರು ಹಿಡಿದೆ. ದೊರೆ ಇಲ್ಲ, ಕಚೇರಿ ಇಲ್ಲ, ಪಾದರಸ ಮಾತ್ರ ಇತ್ತು. ಅದಕ್ಕೆ ನೀನು ಸುಳ್ಳು ಹೇಳಿದ್ದು ಗೊತ್ತಿಲ್ಲ. ಗಾಳಿ ಎಷ್ಟಿತ್ತೋ ಅಷ್ಟು ತೋರಿಸುತ್ತಿತ್ತು. ಬರೆದೆ. ಅಂದಿನಿಂದ ತಪ್ಪಿಸಿಲ್ಲ. ನಿನಗಾಗಿ ಎಂದು ಹಿಗ್ಗಬೇಡ. ನನಗೆ ರೂಢಿ.

ನಾನು ಬಿಟ್ಟಿದ್ದ ದಿನಗಳೆಷ್ಟೋ ಅಷ್ಟನ್ನೂ ಹಾಳೆಯಲ್ಲಿ ಖಾಲಿ ಬಿಟ್ಟಿದ್ದೇನೆ. ನಿನ್ನ ಹತ್ತಿರ ಇರುವ ಸೆಪ್ಟೆಂಬರ್ ಹಾಳೆಯಲ್ಲಿ ಆ ಮೂರನ್ನು ಹೊಡೆದುಹಾಕು. ಓದಿದ್ದು ಇರಲಿ, ಓದದ್ದು ಬೇಡ.

ಅಂಕಿ ಕಳಿಸುವಂತಿಲ್ಲ ಎಂದೆ. ಹಾಗಾದರೆ ಹೀಗೆ ಕೇಳು. ಇವತ್ತು ಬೆಳಿಗ್ಗೆ ಕಂಬಳಿ ಬಿಡಲು ಮನಸ್ಸಾಗಲಿಲ್ಲ, ಆದರೆ ಒಲೆಯ ಮುಂದೆ ಕೂರುವಷ್ಟು ಚಳಿ ಇರಲಿಲ್ಲ. ನಿನ್ನೆ ಮಧ್ಯಾಹ್ನ ದಸ್ತಗಿರಮ್ಮನ ಕೋಳಿ ನೆರಳಿಗೆ ಹೋಯಿತು, ಕೊಕ್ಕು ತೆರೆಯಲಿಲ್ಲ. ಎಷ್ಟಿರಬಹುದು ಲೆಕ್ಕ ಹಾಕು. ಕತ್ತರಿಯವನು ಕೋಳಿಯನ್ನು ಕತ್ತರಿಸಲಾರ.

ಇನ್ನು ನಿನ್ನ ಸರದಿ. ಆಗಾಗ ಜ್ವರ ಬರುತ್ತದೆ ಹೋಗುತ್ತದೆ ಎಂದು ಬರೆದಿದ್ದೀ. ಅದು ಲೆಕ್ಕವೇ? ಎಲ್ಲ ನೆಟ್ಟಗಿದೆ ಎಂದು ನಾನೂ ಬರೆದಿದ್ದೆ, ನೆನಪಿದೆಯೇ? ಆಸ್ಪತ್ರೆಯವರ ಹತ್ತಿರ ಜ್ವರದ ಕಡ್ಡಿ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಯಲ್ಲಿಟ್ಟುಕೊಂಡು, ಎಷ್ಟಿದೆಯೋ ಅಷ್ಟು ಬರೆ. ಅಂದಾಜು ಬೇಡ.

ಅಕ್ಕ


ಆಲೂರು
೨೬ ಏಪ್ರ‍ಿಲ್ ೧೯೪೪

ಉಚ್ಚೀರಾ,

ನಿನ್ನ ಕಾಗದ ಇವತ್ತು ಬಂತು. ಮಾರ್ಚ್ ತಿಂಗಳದ್ದು. ಅಕ್ಷರ ನಿನ್ನದೇ, ಆದರೆ ಸಾಲು ಕೆಳಗೆ ಜಾರಿದೆ. ಮಲಗಿಕೊಂಡು ಬರೆದಿದ್ದೀ.

"ಅಕ್ಕಾ, ನೀ ಹೇಳಿದಂತೆ ಎಂಟಕ್ಕೆ ಸರಿಯಾಗಿ ಕಡ್ಡಿ ಇಟ್ಟು ನೋಡಿದೆ. ನನ್ನ ಜ್ವರ ಇವತ್ತು" ಅಂತ ಐತಿ. ಆಮೇಲೆ ಕಿಟಕಿ. ಕಿಟಕಿಯ ಕೆಳಗೆ, "ಅಂದಾಜು ಅಲ್ಲ, ಓದಿದ್ದು" ಅಂತ ಐತಿ. ಅಷ್ಟೇ. ಹೆಸರು ಹಾಕೋದೂ ಮರ್ತಿ.

ನನ್ನ ಬುದ್ಧಿಗೆ ಏನನ್ನಲಿ? ಅಂಕಿ ಬರೆದ್ರ ಕತ್ತರಸ್ತಾರ ಅಂತ ನೀನೇ ಹೇಳಿದ್ದಿ. ಕೋಳಿ ಕಥಿ ಕಟ್ಟಿ ಜಾಣಿ ಆದಾಕಿ, ನಿನಗ ಮಾತ್ರ ಅಂಕೀನೇ ಬರಿ ಅಂದೆ.

ಕಾಗದಾ ಹಿಡಕೊಂಡು ಹಿತ್ತಲಾಗ ನಿಂತೆ. ಆ ತೂತಿನಾಗ ಒಂದು ಕಣ್ಣಿಟ್ಟು ನೋಡಿದ್ರ ಬಿಳೀ ಪೆಟ್ಟಿಗಿ ಕಾಣಿಸ್ತು. ನೂರೋ, ನೂರಾಮೂರೋ, ನೂರಾಐದೋ. ಮೌಲಾಲಿ ಹತ್ತಿರ ನಿಂತು, "ಏನು ಬರದಾನ ಅಕ್ಕಾ?" ಅಂದ. ಆರಾಮ ಅದಾನ ಅಂದೆ. ಊರ ಲೆಕ್ಕಾ ಬರಿಯೋ ಕರಣಂ ಶ್ರೀರಾಮುಲು ಮನಿ ಪೇಪರಿನಾಗ ಮೂಡಣ ಗಡಿ ಸುದ್ದಿ ದಿನಾ ಬರತೈತಂತ. ಏನು ಸುದ್ದಿ ಅಂತ ನಾ ಕೇಳಿಲ್ಲ, ಅವರೂ ನನ್ನ ಮುಂದ ಓದಿಲ್ಲ.

ದಸ್ತಗಿರಮ್ಮ ಬೇಲಿ ಮ್ಯಾಲಿಂದ ನೋಡಿದ್ಲು. ನನ್ನ ಮುಖ ನೋಡಿ ಒಳಗ ಹೋಗಿ ದೀಪಾ ತಂದ್ಲು. ಉಚ್ಚೀರಾ, ಮುಂಜಾನೆ ಅಂಕಿ ಬರದಾದ ಮ್ಯಾಲ ನಾನೇ ಬಾಗಲಾ ತಗದು ಆಕಿಗೆ ಜಾಗಾ ಕೊಟ್ಟೆ. ಎರಡೂ ಕಡ್ಡಿ ಹೊರಗ ತಗದು ಸೆರಗಿನಾಗ ಕಟ್ಟಿಕೊಂಡೀನಿ. ಇವತ್ತಿನ ಹಾಳಿ ಮ್ಯಾಲ, ದೀಪಾ ಇತ್ತು, ಅಂತ ಬರದೀನಿ. ಹಾಳಿ ಮ್ಯಾಲ ನಾಳಿನ ಮನಿ ಖಾಲಿ ಇರತೈತಿ. ಇದು ಸುಳ್ಳಲ್ಲ.

ಈ ಸಲ ಅಂಕಿ ಬ್ಯಾಡ. ಡಿಗ್ರಿ ಬ್ಯಾಡ. ಕಂಬಳಿ ಹೊದ್ದೀಯೋ, ತಗದೀಯೋ, ಅಷ್ಟು ಬರಿ.

ಅಕ್ಕ